ಜಾಗ್ವಾರ್ ಡಿ-ಟೈಪ್ ರೆಪ್ಲಿಕಾದ ಚಾಸಿಸ್ ಎಲ್ಲಿದೆ?

ಓದುಗರ ಪ್ರಶ್ನೆ: ಜಾಗ್ವಾರ್ ಡಿ-ಟೈಪ್‌ನ ರೆಪ್ಲಿಕಾ ಎಂದರೆ ಹಳೆಯ ಜಾಗ್ವಾರ್ ಒಂದರ ಚಾಸಿಸ್ ಮೇಲೆ ಹೊಸ ಬಾಡಿ ಕೂರಿಸಿದ್ದು ತಾನೇ? ಅದನ್ನು ಕೈಯಲ್ಲಿ ಬಡಿದೇ ಏಕೆ ಮಾಡಬೇಕು? ಫೈಬರ್ ಬಾಡಿ ಸಾಲದೇ?

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಚುಟುಕಾಗಿ ಉತ್ತರಿಸಿದ್ದೇನೆ. ಚುಟುಕು ಉತ್ತರದಿಂದ ಏನೂ ಪ್ರಯೋಜನವಾಗಿಲ್ಲ ಎಂಬುದು ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಈ ಬಾರಿ ಉದ್ದಕ್ಕೆ ಬರೆಯುತ್ತೇನೆ. ರೆಪ್ಲಿಕಾ, ಅಂದರೆ ಮೂಲ ಕಾರಿನ ಪಡಿಯಚ್ಚು, ಏಕೆ ಬೇಕು ಎಂಬುದನ್ನು ಮಾತ್ರ ಬೇಗ ಮುಗಿಸಿಬಿಡೋಣ. ಫ್ರಾನ್ಸಿನಲ್ಲಿ ನಡೆಯುವ ಲೆ ಮಾನ್ 24 ಗಂಟೆಗಳ ರೇಸನ್ನು 1956ರಲ್ಲಿ ಗೆದ್ದ, ಸ್ಕಾಟ್ಲೆಂಡಿನ ಎಕ್ಯೂರಿ ಎಕೋಸ್ ತಂಡದ ಡಿ-ಟೈಪ್ ರೇಸಿಂಗ್ ಕಾರು 2016ರ ಹರಾಜಿನಲ್ಲಿ ಎರಡು ಕೋಟಿ ಡಾಲರ್‌ಗೂ ಮಿಕ್ಕಿ ಮಾರಾಟವಾಯಿತು. 1955, 1956, 1957ರಲ್ಲಿ ಸತತವಾಗಿ ಲೆ ಮಾನ್ ಗೆದ್ದ ಈ ಮಾದರಿಯ ಕಾರನ್ನು ಓಡಿಸುವ ಆಸೆ ಇದ್ದು ಅಷ್ಟು ಹಣ ಇಲ್ಲದವರು ರೆಪ್ಲಿಕಾದ ಕಡೆಗೆ ನೋಡುವುದು ಸಹಜವೇ ಆಗಿದೆ.

ನಿಜವಾದ ತೊಡಕು ಇರುವುದು ಪ್ರಶ್ನೆಯಲ್ಲಿ ಅಡಗಿ ಕುಳಿತಿರುವ ‘ಚಾಸಿಸ್ ಮೇಲೆ ಬಾಡಿ’ ಎಂಬ ನಂಬಿಕೆಯಲ್ಲಿ. ಈ ನಂಬಿಕೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣವಿದೆ. ಲಾರಿ ಕೊಳ್ಳುವವರು ಕಂಪನಿಯಿಂದ ಬರಿಯ ಚಾಸಿಸ್ ತಂದು ಬಾಡಿ ಕಟ್ಟುವವರ ಬಳಿ ಬಿಡುವುದನ್ನೂ, ಸಾರಿಗೆ ಸಂಸ್ಥೆಯ ಕಾರ್ಯಾಗಾರದಲ್ಲಿ ಚಾಸಿಸ್ ಮೇಲೆ ಬಸ್ಸಿನ ಬಾಡಿ ಏಳುವುದನ್ನೂ ನೋಡಿ ಬೆಳೆದ ನಮಗೆ, ನಾಲ್ಕು ಚಕ್ರದ ಯಾವ ವಾಹನವಾದರೂ ಕೆಳಗೆ ಹೊರುವ ಎಲುಬು, ಮೇಲೆ ಹೊದಿಸಿದ ತೊಗಲು ಎಂದೇ ತೋರುತ್ತದೆ. ಆದರೆ ದಶಕಗಟ್ಟಲೆ ನಾವು ಓಡಿಸಿದ ಅಂಬಾಸಿಡರ್‌ಗೇ ಅಂಥ ಬೇರೆ ಚಾಸಿಸ್ ಇರಲಿಲ್ಲ. ಅದರ ಬಾಡಿಯೇ ಅದರ ಭಾರವನ್ನು ಹೊರುತ್ತಿತ್ತು. ಅಂಬಾಸಿಡರ್ ಮಟ್ಟಿಗೆ ಇದನ್ನು ಒಪ್ಪುವವರು ಕೂಡ ರೇಸಿಂಗ್ ಕಾರಿನ ಮಾತು ಬಂದೊಡನೆ ಮತ್ತೆ ಲಾರಿಯ ಲೆಕ್ಕಕ್ಕೇ ಮರಳುವುದೇಕೋ ನನಗೆ ಅರ್ಥವಾಗುವುದಿಲ್ಲ.

ಜಾಗ್ವಾರ್‌ನ ಹಿಂದಿನ ರೇಸಿಂಗ್ ಕಾರು, ಅಂದರೆ 1951 ಮತ್ತು 1953ರಲ್ಲಿ ಲೆ ಮಾನ್ ಗೆದ್ದ ಸಿ-ಟೈಪ್‌ನ ವಿಷಯದಲ್ಲಿ ಈ ನಂಬಿಕೆ ಅರ್ಧದಷ್ಟು ಸರಿ. ಅದರಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಹಂದರವಿತ್ತು, ಅಲ್ಯೂಮಿನಿಯಂ ಬಾಡಿ ಅದರ ಮೇಲೆ ಕೂರುತ್ತಿತ್ತು. 1954ರಲ್ಲಿ ಬಂದ ಡಿ-ಟೈಪ್ ಈ ಕ್ರಮವನ್ನೇ ಬಿಟ್ಟುಬಿಟ್ಟಿತು. ಅದರ ವಿನ್ಯಾಸ ಮಾಡಿದ ಮಾಲ್ಕಮ್ ಸೇಯರ್ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದು ಬಂದವರು, ಮತ್ತು ವಿಮಾನದ ಒಡಲನ್ನು ಕಟ್ಟುವ ರೀತಿಯನ್ನೇ ಅವರು ಇಲ್ಲಿಯೂ ಬಳಸಿದರು. ಚಾಲಕ ಕೂರುವ ನಡುಭಾಗ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳನ್ನು ಬಾಗಿಸಿ, ರಿವೆಟ್ ಹೊಡೆದು ಕಟ್ಟಿದ ಒಂದು ಟಬ್. ಮುಂದೊಂದು ಹಿಂದೊಂದು ಅಡ್ಡಗೋಡೆ, ಎರಡು ಬದಿಗೂ ಪೆಟ್ಟಿಗೆಯಂಥ ಟೊಳ್ಳು ತೊಲೆಗಳು, ಇವನ್ನೆಲ್ಲ ಸುತ್ತಿ ಬಿಗಿದ ಹೊರತಗಡು, ಹೀಗೆ ಎಲ್ಲವೂ ಸೇರಿ ಒಂದೇ ಗಟ್ಟಿ ಘಟಕ. ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಹೊರುವ ಕೊಳವೆಗಳ ಚೌಕಟ್ಟು ಮುಂದಿನ ಅಡ್ಡಗೋಡೆಗೆ ಅಂಟಿಕೊಂಡಿರುತ್ತದೆ. ಹಿಂದಿನ ಸಸ್ಪೆನ್ಷನ್‌ನ ತೋಳುಗಳು ಹಿಂದಿನ ಅಡ್ಡಗೋಡೆಯಿಂದಲೇ ಹೊರಡುತ್ತವೆ. ಪೆಟ್ರೋಲ್ ತುಂಬಿದ ರಬ್ಬರ್ ಚೀಲಗಳನ್ನು ಮುಚ್ಚುವ ಬಾಲದ ಭಾಗವೊಂದೇ ಭಾರ ಹೊರದೆ ಸುಮ್ಮನೆ ಬೋಲ್ಟ್ ಹಾಕಿಸಿಕೊಂಡು ನಿಂತದ್ದು.

ಈಗ ಹೇಳಿ, ಇದರಲ್ಲಿ ಯಾವುದನ್ನು ಚಾಸಿಸ್ ಎಂದು ಬೇರೆ ತೆಗೆದಿಡುತ್ತೀರಿ? ನಡುವಿನ ಬಾಡಿಯನ್ನು ತೆಗೆದರೆ ಉಳಿಯುವುದು ಕಾರಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಒಂದು ಎಂಜಿನ್ ಚೌಕಟ್ಟು ಮತ್ತು ಒಂದು ಹಿಂದಿನ ಆಕ್ಸಲ್. ಆದ್ದರಿಂದ ಡಿ-ಟೈಪ್‌ನ ರೆಪ್ಲಿಕಾ ಕಟ್ಟುವವರು ನಿಜವಾಗಿ ಕಟ್ಟಬೇಕಾದದ್ದು ಈ ಟಬ್ಬನ್ನು. ಉಕ್ಕಿನ ಪೆಟ್ಟಿಗೆ-ಕೊಳವೆಗಳ ಚಾಸಿಸ್ ಮಾಡಿ ಅದರ ಮೇಲೆ ಡಿ-ಟೈಪ್ ಆಕಾರದ ಫೈಬರ್ ಚಿಪ್ಪು ಇಡುವವರೂ ಇದ್ದಾರೆ, ಅಂಥವು ಅಗ್ಗವಾಗಿ ಸಿಗುತ್ತವೆ, ರಸ್ತೆಯಲ್ಲಿ ಸುಖವಾಗಿ ಓಡಲೂಬಹುದು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫೈಬರ್ ಮೇಲೆ ಸುಳ್ಳು ರಿವೆಟ್ ತಲೆಗಳನ್ನು ಅಂಟಿಸಿ ‘ಮೂಲದಂತೆಯೇ’ ಎಂದು ಮಾರುವುದನ್ನು ಕಂಡಾಗ ಮಾತ್ರ ಸುಮ್ಮನಿರಲಾಗುವುದಿಲ್ಲ, ಏಕೆಂದರೆ ಮೂಲ ಕಾರಿನಲ್ಲಿ ಆ ರಿವೆಟ್‌ಗಳು ಅಲಂಕಾರಕ್ಕೆ ಇದ್ದವುಗಳಲ್ಲ, ಕಾರನ್ನು ಒಟ್ಟಿಗೆ ಹಿಡಿದಿದ್ದವು.

ಹಾಗೆಂದು ತಪ್ಪು ಫೈಬರ್‌ನದೂ ಅಲ್ಲ. 1957ರಲ್ಲಿ ಪ್ರದರ್ಶನಕ್ಕೆ ಬಂದ ಲೋಟಸ್ ಎಲೀಟ್‌ನಲ್ಲಿ ಫೈಬರ್ ಒಡಲೇ ಇಡೀ ಕಾರಿನ ಭಾರವನ್ನು ಹೊರುತ್ತಿತ್ತು. ಅದೇ ರೀತಿ, ಅಂದವಾಗಿ ಬಡಿದ ಅಲ್ಯೂಮಿನಿಯಂ ಬಾಡಿಯನ್ನು ಉಕ್ಕಿನ ಚಾಸಿಸ್ ಮೇಲೆ ಕೂರಿಸಿದರೆ, ಕೈಕೆಲಸ ಎಷ್ಟೇ ಸೊಗಸಾಗಿರಲಿ, ಅದು ಕೂಡ ತೊಗಲೇ. ಬಾಡಿ ಯಾವ ವಸ್ತುವಿನದು ಎಂದು ಕೇಳುವ ಮುನ್ನ ಭಾರವನ್ನು ಹೊರುತ್ತಿರುವುದು ಯಾವುದು ಎಂದು ಕೇಳಿ.

ಇನ್ನು ಕೈಯಲ್ಲೇ ಏಕೆ ಎಂಬ ಮಾತು. ಬೆರಳೆಣಿಕೆಯ ಕಾರುಗಳಿಗೆ ದೊಡ್ಡ ಪ್ರೆಸ್ಸು, ಉಕ್ಕಿನ ಡೈ ಮಾಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಮೂಲ ಕಾರುಗಳ ತಗಡೂ ಬಹುಪಾಲು ಕೈಕೆಲಸದ್ದೇ. ಮರದ ಅಚ್ಚೊಂದನ್ನು ಮೊದಲು ಮಾಡಿಕೊಂಡು, ಅಲ್ಯೂಮಿನಿಯಂ ಹಾಳೆಯನ್ನು ತುಂಡು ತುಂಡಾಗಿ ಬಡಿದು, ಇಂಗ್ಲಿಷ್ ವೀಲ್ ಎಂಬ ಎರಡು ಉರುಳೆಗಳ ಯಂತ್ರದಲ್ಲಿ ಆಡಿಸಿ, ಆ ಅಚ್ಚಿಗೆ ಒಪ್ಪುವವರೆಗೂ ಮತ್ತೆ ಮತ್ತೆ ಹೊಂದಿಸಿ ನೋಡುತ್ತಾರೆ. ಬಡಿದಷ್ಟೂ ಅಲ್ಯೂಮಿನಿಯಂ ಗಡುಸಾಗುತ್ತದೆ, ಹಾಗೇ ಮುಂದುವರಿಸಿದರೆ ಸೀಳುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆದುಮಾಡಬೇಕು. ಆದರೆ ಕಬ್ಬಿಣದಂತೆ ಅದು ಕೆಂಪಗಾಗಿ ಎಚ್ಚರಿಸುವುದಿಲ್ಲ, ಕಾವು ಹೆಚ್ಚಾದರೆ ಇದ್ದಕ್ಕಿದ್ದಂತೆ ಕುಸಿದು ಕರಗುತ್ತದೆ. ಹೀಗಾಗಿ ಹಾಳೆಗೆ ಸಾಬೂನು ಸವರಿ, ಅದು ಕಪ್ಪು ಕಂದು ಬಣ್ಣಕ್ಕೆ ತಿರುಗಿದೊಡನೆ ಬೆಂಕಿ ತೆಗೆಯುವ ಉಪಾಯವನ್ನು ಈ ಕೆಲಸದವರು ಬಳಸುತ್ತಾರೆ. ನಮ್ಮ ಗ್ಯಾರೇಜುಗಳ ಒಳ್ಳೆಯ ಟಿಂಕರ್ ಒಬ್ಬರಿಗೆ ಇದರಲ್ಲಿ ವಿವರಿಸಬೇಕಾದದ್ದು ಹೆಚ್ಚೇನೂ ಇರಲಾರದು.

ಹಳೆಯ ಜಾಗ್ವಾರ್‌ನಿಂದ ಬರುವುದು ಮುಖ್ಯವಾಗಿ ಯಂತ್ರಭಾಗಗಳು. ಎಕ್ಸ್‌ಕೆ ಹೆಸರಿನ ಆರು ಸಿಲಿಂಡರ್ ಎಂಜಿನ್ 1992ರವರೆಗೂ ತಯಾರಾದದ್ದರಿಂದ ಅದನ್ನು ಹುಡುಕುವುದು ಕಷ್ಟವಲ್ಲ. ಆದರೆ ಮೂಲ ಡಿ-ಟೈಪ್‌ನಲ್ಲಿ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವ ಡ್ರೈ ಸಂಪ್ ಏರ್ಪಾಡಿತ್ತು, ಎಂಜಿನ್ ತಗ್ಗಾಗಿ ಕೂತದ್ದು ಅದರಿಂದಲೇ. ಮಾಮೂಲಿ ಕಾರಿನ ಎಂಜಿನನ್ನು ಅದರ ಆಳವಾದ ಸಂಪ್ (ತಳದ ಆಯಿಲ್ ತೊಟ್ಟಿ) ಸಮೇತ ಇಳಿಸಿದರೆ ಬಾನೆಟ್ ಕೆಳಗೆ ಜಾಗ ಸಾಲುವುದಿಲ್ಲ. 1961ರಲ್ಲಿ ಬಂದ ಜಾಗ್ವಾರ್‌ನದೇ ರಸ್ತೆ ಕಾರು ಇ-ಟೈಪ್, ಡಿ-ಟೈಪ್‌ನ ರಚನಾಕ್ರಮವನ್ನೇ ಮುಂದುವರಿಸಿದ್ದರಿಂದ, ಇಂಗ್ಲೆಂಡಿನ ಲಿಂಕ್ಸ್ ಸಂಸ್ಥೆ 1970ರ ದಶಕದಲ್ಲಿ ಡಿ-ಟೈಪ್ ರೆಪ್ಲಿಕಾಗಳನ್ನು ಕಟ್ಟತೊಡಗಿದಾಗ ಇ-ಟೈಪ್‌ನ ಭಾಗಗಳನ್ನೇ ಆಧರಿಸಿತು. ಇಲ್ಲೊಂದು ತಮಾಷೆಯಿದೆ. ಇ-ಟೈಪ್‌ನ ಹಿಂದಿನ ಸಸ್ಪೆನ್ಷನ್‌ನಲ್ಲಿ ಎರಡೂ ಚಕ್ರಗಳು ಸ್ವತಂತ್ರ. ಡಿ-ಟೈಪ್‌ನಲ್ಲಿ ಎರಡನ್ನೂ ಬಿಗಿಯುವ ಒಂದೇ ಗಟ್ಟಿ ಆಕ್ಸಲ್. ಹೀಗಾಗಿ ಮೂಲಕ್ಕೆ ಪೂರ್ತಿ ನಿಷ್ಠರಾಗಬೇಕೆನ್ನುವವರು ಕೈಗೆ ಸಿಕ್ಕ ಉತ್ತಮ ಭಾಗವನ್ನು ಬದಿಗಿಟ್ಟು, ಹೆಚ್ಚು ಖರ್ಚು ಮಾಡಿ, ಅದಕ್ಕಿಂತ ಹಳೆಯ ತಂತ್ರವನ್ನು ಕಟ್ಟಿಕೊಳ್ಳಬೇಕಾಗುತ್ತದೆ. ನಾನಾದರೆ ಕಟ್ಟಿಕೊಳ್ಳುತ್ತಿದ್ದೆ.

ಯಾರೂ ನೇರವಾಗಿ ಕೇಳದ ಒಂದು ಸಂಗತಿ ಇದರ ಬೆನ್ನಿಗೇ ಬರುತ್ತದೆ. ಕಂಪನಿಯೇ ಇಂದು ಮತ್ತೆ ಕಟ್ಟಿದರೆ ಅದು ಮೂಲವೋ, ರೆಪ್ಲಿಕಾವೋ? 2008ರಿಂದ ಟಾಟಾ ಸಮೂಹದ ಒಡೆತನದಲ್ಲಿರುವ ಜಾಗ್ವಾರ್, ಅಂದು ನೂರು ಡಿ-ಟೈಪ್ ಕಟ್ಟುವ ಯೋಜನೆಯಿದ್ದು 75 ಮಾತ್ರ ಮುಗಿದಿದ್ದವು ಎಂಬ ಲೆಕ್ಕ ಹೇಳಿ, ಉಳಿದ 25ನ್ನು ಹೊಸದಾಗಿ ಕಟ್ಟುವುದಾಗಿ 2018ರಲ್ಲಿ ಘೋಷಿಸಿತು. ಅದಕ್ಕೂ ಮುಂಚೆ, 1957ರ ಫೆಬ್ರುವರಿಯಲ್ಲಿ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ನಾಶವಾದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳ (ಡಿ-ಟೈಪ್‌ನ ರಸ್ತೆ ರೂಪ) ಬದಲಿಗೆ ಒಂಬತ್ತನ್ನು ಕಟ್ಟುವುದಾಗಿ 2016ರಲ್ಲಿ ಹೇಳಿತ್ತು. ಕಂಪನಿ ಇವನ್ನು ‘ಕಂಟಿನ್ಯುಯೇಷನ್’ ಎಂದು ಕರೆಯುತ್ತದೆ. ಅರುವತ್ತು ವರ್ಷಗಳ ಬಳಿಕ ಬೇರೆ ಕೈಗಳು ಕಟ್ಟಿದ್ದನ್ನು ನಾನು ಅತ್ಯುತ್ತಮ ದರ್ಜೆಯ ರೆಪ್ಲಿಕಾ ಎಂದೇ ಕರೆಯುತ್ತೇನೆ, ಬಿಲ್ಲಿನ ಮೇಲೆ ಯಾರ ಹೆಸರಿದ್ದರೂ.

ಮೂಲ ಎಂಬುದೂ ನಾವು ಭಾವಿಸುವಷ್ಟು ನೇರವಾಗಿಲ್ಲ. 1954ರ ಕಾರುಗಳಲ್ಲಿ ಮುಂದಿನ ಚೌಕಟ್ಟನ್ನು ಟಬ್‌ಗೆ ಬೆಸೆದಿದ್ದರು. 1955ರಿಂದ, ರಿಪೇರಿ ಸುಲಭವಾಗಲೆಂದು, ಅದನ್ನು ಬೋಲ್ಟ್ ಹಾಕಿ ಜೋಡಿಸಿದರು. ಕಾರಿನ ಸಂಖ್ಯೆಯನ್ನು ಒತ್ತಿದ್ದು ಈ ಚೌಕಟ್ಟಿನ ಮೇಲೆ. ರೇಸಿನಲ್ಲಿ ಪೆಟ್ಟು ತಿಂದ ಕಾರಿನ ಚೌಕಟ್ಟು ಒಬ್ಬರ ಪಾಲಾಗಿ, ಟಬ್ ಇನ್ನೊಬ್ಬರ ಪಾಲಾಗಿ, ಇಬ್ಬರೂ ಉಳಿದರ್ಧವನ್ನು ಹೊಸದಾಗಿ ಕಟ್ಟಿಸಿಕೊಂಡು ಒಂದೇ ಕಾರಿನ ಗುರುತಿಗೆ ಹಕ್ಕು ಹೇಳಿದ ಪ್ರಸಂಗಗಳೂ ನಡೆದಿವೆ. ಬ್ರಿಟನ್ನಿನಲ್ಲಿ ಬಹುಕಾಲ ಇದ್ದ ನೋಂದಣಿ ನಿಯಮದಲ್ಲಿ, ಬಹಳವಾಗಿ ಮಾರ್ಪಟ್ಟ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ಕನಿಷ್ಠ ಎಂಟು ಅಂಕ ಗಳಿಸಬೇಕಿತ್ತು. ಎಂಜಿನ್‌ಗೆ ಅಲ್ಲಿ ಸಿಗುತ್ತಿದ್ದುದು ಒಂದೇ ಅಂಕ, ಮಾರ್ಪಡದ ಮೂಲ ಚಾಸಿಸ್‌ಗೆ ಐದು. ಭಾರ ಹೊರುವ ಬಾಡಿಯಿದ್ದರೆ, ಅದೇ ಐದು ಅಂಕ ಆ ಬಾಡಿಗೆ ಸಲ್ಲುತ್ತಿತ್ತು.