ಗಂಡು ಸಿಂಹಗಳ ಕೂಟ: ಒಳಗಿನ ಪೈಪೋಟಿ ನಡೆಯುವ ಬಗೆ

ನಾಗರಹೊಳೆ, ಬಂಡೀಪುರದ ಹುಲಿಗಳ ಬಗ್ಗೆ ಓದಿಕೊಂಡು ಸಿಂಹದ ಕಡೆ ಬರುವವರಿಗೆ ಮೊದಲು ಗೊಂದಲವಾಗುವುದು ಇಲ್ಲೇ. ಗಂಡು ಹುಲಿಗೆ ಇನ್ನೊಂದು ಗಂಡು ಹುಲಿ ಎದುರಾಳಿ, ಮಾತು ಮುಗಿಯಿತು. ಗಂಡು ಸಿಂಹಕ್ಕಾದರೆ ಪಕ್ಕದಲ್ಲಿ ಮಲಗಿರುವ ಗಂಡು ಬಲಗೈಯೂ ಹೌದು, ದಾಯಾದಿಯೂ ಹೌದು. ಈ ಎರಡನ್ನೂ ಗಂಡು ಸಿಂಹಗಳು ಒಟ್ಟಿಗೆ ಹೇಗೆ ನಿಭಾಯಿಸುತ್ತವೆ ಎಂಬುದೇ ಈ ಟಿಪ್ಪಣಿಯ ವಿಷಯ.

ಇಲ್ಲಿ ಹಿಂಡು ಎಂದರೆ ಹೆಣ್ಣು ಸಿಂಹಗಳು ಮತ್ತು ಮರಿಗಳು. ಕೂಟ ಎಂದರೆ ಆ ಹಿಂಡನ್ನು ತಮ್ಮದಾಗಿ ಇಟ್ಟುಕೊಂಡಿರುವ ಗಂಡುಗಳು. ಎರಡನ್ನೂ ಕಲಸಿ ಬರೆದರೆ ಉತ್ತರ ಪತ್ರಿಕೆ ಕೆಡುತ್ತದೆ.

ಒಂಟಿ ಗಂಡಿಗೆ ಯಾಕೆ ಸಾಲದು

ಗಂಡುಗಳು ಎರಡರಿಂದ ನಾಲ್ಕು ವರ್ಷದ ಒಳಗೆ ಹುಟ್ಟಿದ ಹಿಂಡು ಬಿಡುತ್ತವೆ. ಹಿಂಡಿನ ಹೆಣ್ಣುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮರಿ ಹಾಕುವುದರಿಂದ ಅಣ್ಣತಮ್ಮಂದಿರು, ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳು ಒಟ್ಟಾಗಿಯೇ ಹೊರಬೀಳುತ್ತವೆ. ಒಂಟಿಯಾಗಿ ಹೊರಬಿದ್ದದ್ದು ಅಲೆಮಾರಿ ದಿನಗಳಲ್ಲಿ ಇನ್ನೊಂದು ಒಂಟಿಯನ್ನು ಜತೆ ಮಾಡಿಕೊಳ್ಳುತ್ತದೆ.

ಈಗ ಕಾಲದ ಲೆಕ್ಕ ನೋಡಿ. ಗರ್ಭ ಸುಮಾರು 110 ದಿನ. ಮರಿ ತನ್ನ ಕಾಲ ಮೇಲೆ ನಿಲ್ಲಲು ಸುಮಾರು ಎರಡು ವರ್ಷ. ಅಷ್ಟರೊಳಗೆ ಬೇರೆ ಕೂಟ ಬಂದು ಹಿಂಡು ಹಿಡಿದರೆ ಚಿಕ್ಕ ಮರಿಗಳನ್ನು ಕೊಲ್ಲುತ್ತದೆ, ದೊಡ್ಡವನ್ನು ಓಡಿಸುತ್ತದೆ. ಮರಿ ಕಳೆದುಕೊಂಡ ತಾಯಿ ಬೇಗ ಬೆದೆಗೆ ಬರುತ್ತಾಳೆ. ಮರಿ ಉಳಿದಿದ್ದರೆ ಮುಂದಿನ ಸೂಲಿಗೆ ಎರಡು ವರ್ಷ ಕಾಯಬೇಕಿತ್ತು. ಹಾಗಾಗಿ ಹಿಂಡು ಹಿಡಿದ ಗಂಡು ಕನಿಷ್ಠ ಎರಡೂಕಾಲು ವರ್ಷವಾದರೂ ಜಾಗ ಬಿಡದೆ ನಿಂತರೆ ಮಾತ್ರ ಒಂದು ಸೂಲು ದಡ ಸೇರುತ್ತದೆ. ಬಹುಪಾಲು ಕೂಟಗಳ ಆಳ್ವಿಕೆ ಎರಡು-ಮೂರು ವರ್ಷದ ಆಸುಪಾಸಿನದು. ಅಂದರೆ ಸಿಗುವುದು ಒಂದೇ ಅವಕಾಶ, ಬಹಳವಾದರೆ ಎರಡು. ತಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಆರಂಭಿಸಿ, 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ ಮುಂದುವರಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು: ಕೂಟ ದೊಡ್ಡದಾದಷ್ಟೂ ಹಿಂಡು ಸಿಗುವ ಸಾಧ್ಯತೆ, ಅದನ್ನು ಉಳಿಸಿಕೊಳ್ಳುವ ಅವಧಿ, ಒಂದೊಂದು ಗಂಡಿನ ಪಾಲಿಗೆ ಬರುವ ಮರಿಗಳ ಸರಾಸರಿ ಮೂರೂ ಹೆಚ್ಚು.

ಸಮಸ್ಯೆ ಇರುವುದು ಆ ‘ಸರಾಸರಿ’ಯಲ್ಲಿ. ಸರಾಸರಿ ಹೆಚ್ಚಾಯಿತು ಎಂದರೆ ಎಲ್ಲರಿಗೂ ಸಿಕ್ಕಿತು ಎಂದಲ್ಲ.

ಬೆದೆಯ ಹೆಣ್ಣಿನ ಸುತ್ತ ಏನಾಗುತ್ತದೆ

ಪೈಪೋಟಿ ಕಣ್ಣಿಗೆ ಬೀಳುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಬೆದೆ ಸುಮಾರು ನಾಲ್ಕು ದಿನ ಇರುತ್ತದೆ. ಒಂದು ಗಂಡು ಹೆಣ್ಣಿಗೆ ಅಂಟಿಕೊಂಡೇ ಇರುತ್ತದೆ: ಅವಳು ಎದ್ದರೆ ಏಳುತ್ತದೆ, ಮಲಗಿದರೆ ಕೆಲವೇ ಅಡಿ ದೂರದಲ್ಲಿ, ಉಳಿದ ಗಂಡುಗಳಿಗೂ ಅವಳಿಗೂ ನಡುವೆ ಮಲಗುತ್ತದೆ. ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೊಮ್ಮೆ ಕೂಡುತ್ತವೆ, ಹಗಲೂ ರಾತ್ರಿಯೂ. ಊಟ ಬಹುತೇಕ ಬಂದ್. ಜತೆಗಾರ ಗಂಡುಗಳು ದೂರದಲ್ಲಿ ಬಿದ್ದುಕೊಂಡಿರುತ್ತವೆ; ಆಸಕ್ತಿ ಇಲ್ಲವೆಂದಲ್ಲ, ಕಣ್ಣು ಅಲ್ಲೇ ಇರುತ್ತದೆ.

ಅವು ನುಗ್ಗುವುದಿಲ್ಲ ಯಾಕೆ? 1982ರಲ್ಲಿ ಪ್ಯಾಕರ್ ಮತ್ತು ಪ್ಯೂಸಿ ಕೊಟ್ಟ ವಿವರಣೆ ಇದು: ಮೊದಲು ಹೆಣ್ಣಿನ ಪಕ್ಕ ತಲುಪಿದವನದೇ ಹಕ್ಕು ಎಂಬುದನ್ನು ಜತೆಗಾರರು ಸಾಮಾನ್ಯವಾಗಿ ಒಪ್ಪುತ್ತವೆ. ಗಾತ್ರದಲ್ಲಿ ಸರಿಸಮಾನರಾದ ಇಬ್ಬರು ಕಾದಾಡಿದರೆ ಗೆದ್ದವನ ಕಣ್ಣೋ ಕೋರೆಹಲ್ಲೋ ಹೋಗಬಹುದು. ಸೋತವನು ಸತ್ತರೆ ನಾಳೆ ಗಡಿಯಲ್ಲಿ ಪಕ್ಕಕ್ಕೆ ನಿಲ್ಲುವವರಿಲ್ಲ. ಅದೂ ಅಲ್ಲದೆ ಮುಂದಿನ ಸಲ ಮೊದಲು ತಲುಪುವವನು ಇವನೇ ಆಗಬಹುದು. ಎಲ್ಲ ಕೂಡಿಸಿದರೆ ಕಾಯುವುದೇ ಲಾಭ.

ಹಾಗಾದರೆ ಜಗಳ ಯಾವಾಗ? ಹಕ್ಕು ಯಾರದೆಂದು ಅಸ್ಪಷ್ಟವಾದಾಗ. ಬೆದೆಗೆ ಬರುತ್ತಿರುವ ಹೆಣ್ಣಿನ ಬಳಿ ಇಬ್ಬರೂ ಒಟ್ಟಿಗೇ ತಲುಪಿದರೆ, ಅಥವಾ ಕಾವಲಿದ್ದವನು ನೀರಿಗೋ ಪರಕೀಯ ಗಂಡನ್ನು ಅಟ್ಟಲೋ ಹೋಗಿದ್ದಾಗ ಇನ್ನೊಬ್ಬ ಬಂದು ಕೂತರೆ, ಮುಖಕ್ಕೆ ಮುಖ ಕೊಟ್ಟು ಪಂಜದ ಹೊಡೆತ ಶುರು. ಮೂಗಿನ ಮೇಲಿನ ಗೀರು, ಹರಿದ ತುಟಿ ಇದರ ಗುರುತು. ಪರಕೀಯರ ಕಾಳಗ ಬೇರೆಯೇ: ಒಂದು ಎದುರಿನಿಂದ ತಡೆದು ನಿಲ್ಲುತ್ತದೆ, ಉಳಿದವು ಹಿಂದಿನಿಂದ ಸೊಂಟ, ಬೆನ್ನುಮೂಳೆ ಕಚ್ಚುತ್ತವೆ. ಗಾಯ ಎಲ್ಲಿದೆ ಎಂದು ನೋಡಿದರೆ ಅದು ಒಳಜಗಳದ್ದೋ ಹೊರಗಿನದ್ದೋ ಎಂದು ಅರ್ಧ ಊಹಿಸಬಹುದು.

ಇನ್ನೊಂದು ನಿರ್ಣಾಯಕ ಅಂಶ, ಏಕಕಾಲಕ್ಕೆ ಎಷ್ಟು ಹೆಣ್ಣುಗಳು ಬೆದೆಯಲ್ಲಿವೆ ಎಂಬುದು. ಮೂರು ಹೆಣ್ಣು ಒಟ್ಟಿಗೆ ಬೆದೆಗೆ ಬಂದರೆ ಹಿರಿಯ ಗಂಡು ಕಾಯಬಲ್ಲದ್ದು ಒಂದನ್ನು ಮಾತ್ರ. ಎರಡು ಗಂಡುಗಳ ಕೂಟದಲ್ಲಿ ಇಬ್ಬರಿಗೂ ಸಿಗುತ್ತದೆ. ಐದು ಗಂಡುಗಳಿದ್ದರೆ ಕೊನೆಯ ಇಬ್ಬರು ಬರಿಗೈಯಲ್ಲಿ ಕೂರಬೇಕು.

ಸೆರೆಂಗೆಟಿ ಮತ್ತು ಗಿರ್: ಎರಡು ಫಲಿತಾಂಶ

ಸೆರೆಂಗೆಟಿಯ ಡಿಎನ್‌ಎ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಜೋಡಿಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮವಾಗಿ ತಂದೆಯಾಗಿದ್ದರು. ಕೂಟ ದೊಡ್ಡದಾದಂತೆ ಪಾಲು ಏರುಪೇರಾಗಿ, ಕೆಲವು ಗಂಡುಗಳಿಗೆ ಒಂದು ಮರಿಯೂ ಇರಲಿಲ್ಲ. ಅದಕ್ಕೆ ಸರಿಯಾಗಿ, ರಕ್ತಸಂಬಂಧವಿಲ್ಲದ ಜತೆಗಾರರು ಸಿಕ್ಕಿದ್ದು ಎರಡು-ಮೂರರ ಕೂಟಗಳಲ್ಲಿ ಮಾತ್ರ. ನಾಲ್ಕು ಮತ್ತು ಅದಕ್ಕಿಂತ ದೊಡ್ಡವು ಬಂಧುಗಳ ಕೂಟಗಳೇ.

ಗುಜರಾತಿನ ಗಿರ್‌ನಲ್ಲಿ ಸ್ತೋತ್ರ ಚಕ್ರವರ್ತಿ ಮತ್ತು ವೈ.ವಿ. ಝಾಲಾ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನಷ್ಟು ಖಾರ. ಅಲ್ಲಿ ಜೋಡಿಯಲ್ಲೂ ಮೇಲು-ಕೀಳು ಸ್ಪಷ್ಟ: ಒಟ್ಟು ಕೂಡುವಿಕೆಯಲ್ಲಿ ಶೇ. 70ಕ್ಕೂ ಹೆಚ್ಚು ಮೇಲಿನವನ ಪಾಲು, ತಿನ್ನುವಾಗಲೂ ಅವನಿಗೆ ಜತೆಗಾರನಿಗಿಂತ ಶೇ. 47 ಹೆಚ್ಚು. ಕಾಡಿನ ರೀತಿಯೇ ಬೇರೆ ಎಂಬುದನ್ನು ಮರೆಯಬಾರದು. ಗಿರ್‌ನಲ್ಲಿ ಮುಖ್ಯ ಬೇಟೆ ಚುಕ್ಕಿ ಜಿಂಕೆ. ಸೆರೆಂಗೆಟಿಯ ಕಾಡೆಮ್ಮೆ, ಜೀಬ್ರಾಗಳ ಹಾಗೆ ಹಂಚಿ ತಿನ್ನುವಷ್ಟು ದೊಡ್ಡದಲ್ಲ. ಹೆಣ್ಣುಗಳ ಗುಂಪೂ ಚಿಕ್ಕದು, ಗಂಡುಗಳು ಅವುಗಳಿಂದ ಬಹುಕಾಲ ಬೇರೆಯಾಗಿಯೇ ಇರುತ್ತವೆ. ಒಂದು ಸಲಕ್ಕೆ ಬೆದೆಗೆ ಬರುವ ಹೆಣ್ಣುಗಳು ಕಡಿಮೆಯಾದರೆ ಮೇಲಿನವನ ಹಿಡಿತ ಬಿಗಿಯಾಗುವುದು ಸಹಜ. 2020ರಲ್ಲಿ ಅದೇ ತಂಡ ತಳಿಪರೀಕ್ಷೆಯನ್ನೂ ಸೇರಿಸಿ ನೋಡಿದಾಗ ಜೋಡಿಗಳು ಬಹುಪಾಲು ಬಂಧುಗಳಲ್ಲ, ದೊಡ್ಡ ಕೂಟಗಳಲ್ಲಿ ಒಡಹುಟ್ಟಿದವು ಇರುವ ಸಾಧ್ಯತೆ ಹೆಚ್ಚು ಎಂದು ತಿಳಿಯಿತು. ಸಾವಿರಾರು ಮೈಲು ದೂರದ ಎರಡು ಕಾಡು, ಒಂದೇ ಸೂತ್ರ.

ಬರಿಗೈಯವನು ಯಾಕೆ ಉಳಿಯುತ್ತಾನೆ: ಒಂದು ಲೆಕ್ಕ

ಅಂಕಿಗಳು ಕಲ್ಪಿತ, ವಿಧಾನ ಗಮನಿಸಿ. ನಾಲ್ಕು ಒಡಹುಟ್ಟಿದವರ ಕೂಟದಲ್ಲಿ 20 ಮರಿ ಬದುಕಿ ಬೆಳೆದವು, ನಾಲ್ಕನೆಯವನದು ಸೊನ್ನೆ. ಸ್ವಂತ ಮರಿಯೊಡನೆ ರಕ್ತಸಂಬಂಧ (ಒಂದೇ ಮೂಲದಿಂದ ಬಂದ ವಂಶವಾಹಿಗಳ ಪಾಲು) 0.5, ಒಡಹುಟ್ಟಿದವನ ಮರಿಯೊಡನೆ 0.25. ಇಲ್ಲಿ ತುಂಬಾ ಜನ 20ನ್ನು 0.25ರಿಂದ ಗುಣಿಸಿ ಮುಗಿಸುತ್ತಾರೆ. ಅದು ತಪ್ಪು. ನಾಲ್ಕನೆಯವನು ಇಲ್ಲದಿದ್ದರೂ ಉಳಿದ ಮೂವರು ಒಂದಷ್ಟು ಮರಿ ಬೆಳೆಸುತ್ತಿದ್ದರಲ್ಲವೇ? ಅದು 14 ಎಂದಿಟ್ಟುಕೊಳ್ಳಿ. ಅವನಿಂದಾದ ಹೆಚ್ಚಳ 6 ಮಾತ್ರ. 6 × 0.25 = 1.5, ಅಂದರೆ ಮೂರು ಸ್ವಂತ ಮರಿಗಳಿಗೆ ಸಮ. ಒಂಟಿಯಾಗಿ ಹೋದರೆ ಒಂದು ಮರಿಯೂ ಕಷ್ಟವೆಂದಾದರೆ ಉಳಿಯುವುದೇ ಮೇಲು. ತಾಯಿ ಒಂದೇ, ತಂದೆ ಬೇರೆಯಾದರೆ 0.125; ಆಗ ಸಮನಾಗುವುದು ಒಂದೂವರೆ ಮರಿಗೆ. ಸಂಬಂಧವೇ ಇಲ್ಲದಿದ್ದರೆ ಸೊನ್ನೆ, ಅವನು ಅಲ್ಲಿರಲು ಕಾರಣವೇ ಇಲ್ಲ.

ಇದನ್ನು ಓದಿ ‘ಬಂಧುವಾದರೆ ಮಾತ್ರ ಹೋರಾಡುತ್ತವೆ’ ಎಂದುಕೊಳ್ಳಬೇಡಿ. ಸೆರೆಂಗೆಟಿಯಲ್ಲಿ ಅಪರಿಚಿತ ಗಂಡುಗಳ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿ ಮಾಡಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಜತೆಗಾರ ಬಂಧುವೋ ಅಲ್ಲವೋ, ಜತೆಗೆ ಬರುತ್ತಿದ್ದಾನೋ ಇಲ್ಲವೋ ಎಂಬುದನ್ನು ಲೆಕ್ಕಿಸದೆ ಗಂಡುಗಳು ಶಬ್ದದ ಕಡೆ ನಡೆದವು. ಗಡಿಯಲ್ಲಿ ಚೌಕಾಸಿ ಇಲ್ಲ. ಇರುವುದು ಹೆಣ್ಣಿನ ಬಳಿ ಮತ್ತು ಬೇಟೆಯ ಬಳಿ.

ಯಾರು ಮೇಲು ಎಂದು ಗುರುತಿಸುವಾಗ

ಮೊದಲು ಪ್ರತಿ ಗಂಡನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ಮೀಸೆಯ ಬುಡದ ಚುಕ್ಕಿಗಳ ವಿನ್ಯಾಸ ಬದಲಾಗುವುದಿಲ್ಲ, ಎರಡೂ ಕೆನ್ನೆಯ ಚಿತ್ರ ಬೇಕು. ಕಿವಿಯ ಸೀಳು, ಮುರಿದ ಹಲ್ಲು ಜತೆಗಿರಲಿ. ಕೇಸರವೊಂದನ್ನೇ ನಂಬಿದರೆ ಕೆಟ್ಟಿರಿ. ಅದು ವಯಸ್ಸು, ಗಾಯಗಳಿಂದ ಬದಲಾಗುತ್ತದೆ.

ಕಪ್ಪು ಕೇಸರದವನೇ ಯಜಮಾನ ಎಂಬುದು ಸಫಾರಿ ಜೀಪಿನ ತೀರ್ಪು. 2002ರ ಸೆರೆಂಗೆಟಿ ಅಧ್ಯಯನದ ಪ್ರಕಾರ ಕಡುಗೇಸರ ಹೆಣ್ಣುಗಳನ್ನು ಸೆಳೆಯುತ್ತದೆ, ಗಂಡುಗಳನ್ನು ಹಿಂಜರಿಯುವಂತೆ ಮಾಡುತ್ತದೆ ಎಂಬುದು ನಿಜ. ಆದರೆ ಒಂದೇ ಕೂಟದೊಳಗೆ ಯಾರು ಮೇಲೆಂದು ಹೇಳಲು ನಡವಳಿಕೆಯೇ ಬೇಕು: ಯಾರು ಬಂದರೆ ಯಾರು ಎದ್ದು ಜಾಗ ಬಿಡುತ್ತಾರೆ, ಬೇಟೆಯಲ್ಲಿ ಯಾರು ಮೊದಲು ಎಷ್ಟು ಹೊತ್ತು ತಿನ್ನುತ್ತಾರೆ, ಬೆದೆಯ ಹೆಣ್ಣಿನ ಪಕ್ಕ ಯಾರು, ಭೇಟಿಯಾದಾಗ ತಲೆ ಉಜ್ಜಲು ಯಾರು ಮುಂದೆ ಬರುತ್ತಾರೆ. ದಾಖಲೆ ಪಟ್ಟಿಯಲ್ಲಿ ಮುಂದೆ ನಡೆಯುವವನು ನಾಯಕ ಎಂಬ ಕಾಲಂ ಬೇಡವೇ ಬೇಡ. ಒಂದೇ ಬೆದೆಯ ಅವಧಿಯಲ್ಲಿ ಕಂಡ ನೂರು ಕೂಡುವಿಕೆಯನ್ನು ನೂರು ಪುರಾವೆ ಎಂದು ಎಣಿಸುವುದೂ ಸಾಮಾನ್ಯ ತಪ್ಪು. ಅದು ಒಂದೇ ಪುರಾವೆ.

ಕೂಟ ಒಡೆದಾಗ: ಮಪೋಗೊ

ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ವನ್ಯಜೀವಿ ಧಾಮದಲ್ಲಿ 2006ರ ಹೊತ್ತಿಗೆ ನೆಲೆಯೂರಿದ ಮಪೋಗೊ ಆರು ಗಂಡುಗಳ ಕೂಟ. ಉಳಿದ ಐವರಿಗಿಂತ ಹಿರಿಯ ಮಕುಲು. ಅವು ನೂರಕ್ಕೂ ಹೆಚ್ಚು ಸಿಂಹಗಳನ್ನು ಕೊಂದವೆಂದು ಓದಿರುತ್ತೀರಿ. ಅದು ಅಂದಾಜು, ಟಿಪ್ಪಣಿಯಲ್ಲಿ ಅಂಕಿಯಾಗಿ ಬರೆಯಬೇಡಿ. ಕಲಿಯಬೇಕಾದದ್ದು ಮುಂದಿನದು. ಆರು ಗಂಡುಗಳ ಹಿಡಿತಕ್ಕೆ ಒಂದಕ್ಕಿಂತ ಹೆಚ್ಚು ಹಿಂಡು ಬಂತು, ಕಿಂಕಿ ಟೇಲ್ ಮತ್ತು ಮಿಸ್ಟರ್ ಟಿ ಎಂಬ ಎರಡು ಬೇರೆಡೆ ನೆಲೆ ಮಾಡಿಕೊಂಡವು. ಆರರ ಕೂಟ ಲೆಕ್ಕದಲ್ಲಿ ಆರು, ನೆಲದ ಮೇಲೆ ನಾಲ್ಕು ಮತ್ತು ಎರಡು. 2010ರ ಜೂನ್‌ನಲ್ಲಿ ಮಜಿಂಗಿಲಾನೆ ಕೂಟ ಕಿಂಕಿ ಟೇಲ್‌ನನ್ನು ಕೊಂದಾಗ ಉಳಿದ ನಾಲ್ಕು ಕೂಗಿದರೆ ಬರುವಷ್ಟು ಹತ್ತಿರದಲ್ಲಿರಲಿಲ್ಲ.

ಮಿಸ್ಟರ್ ಟಿ ಹಳೆಯ ಜತೆಗಾರರ ಬಳಿಗೆ ಮರಳಿತು. ಅಲ್ಲಿದ್ದ ಮರಿಗಳನ್ನು ಕೊಂದಿತು ಎಂಬ ಕಾರಣಕ್ಕೆ ಅದಕ್ಕೆ ಕ್ರೂರಿಯ ಪಟ್ಟ ಕಟ್ಟುವವರಿದ್ದಾರೆ. ಮೇಲಿನ ಲೆಕ್ಕ ತಿಳಿದವರಿಗೆ ಹೊಳೆಯುವ ಪ್ರಶ್ನೆ ಬೇರೆ: ತಾನು ಕೂಡದ ಹೆಣ್ಣುಗಳ ಮರಿಗಳು ಬಹುಕಾಲ ದೂರವಿದ್ದ ಗಂಡಿನ ಪಾಲಿಗೆ ಜತೆಗಾರರ ಮರಿಗಳೋ, ಪರಕೀಯರ ಮರಿಗಳೋ? ಒಟ್ಟಿಗಿದ್ದು ಕೂಡಿದ ನೆನಪೇ ಗಂಡಿಗಿರುವ ಸುಳಿವು ಎಂದಾದರೆ ಉತ್ತರ ಎರಡನೆಯದಕ್ಕೆ ಹತ್ತಿರ. ಮುಂದೆ 2012ರಲ್ಲಿ ಸೆಲಾಟಿ ಕೂಟದ ಗಂಡುಗಳು ಮಿಸ್ಟರ್ ಟಿಯನ್ನೂ ಕೊಂದವು.