ಹತ್ತು ಮರಿಗೆ ನೂರು ಡೋಸಿನ ಸೀಸೆ

ಹಿತ್ತಲಲ್ಲಿ ನಾಲ್ಕು ಹ್ಯಾಟೆ, ಒಂದು ಹುಂಜ, ಹೊಸದಾಗಿ ಒಡೆದ ಹತ್ತು ಮರಿ ಇರುವ ಮನೆಗೆ ಲಸಿಕೆ ಬೇಕೋ ಬೇಡವೋ ಎಂಬ ಪ್ರಶ್ನೆ ಏಳುವುದು ಔಷಧ ಅಂಗಡಿಯಲ್ಲಿ. ಕೋಳಿಗಳನ್ನು ಕೊಲ್ಲುವ ರಾಣಿಖೇತ್ ರೋಗದ ಲಸಿಕೆಯ ಚಿಕ್ಕ ಸೀಸೆಯೇ ಸಾಮಾನ್ಯವಾಗಿ ನೂರು ಡೋಸಿನದು. ಒಮ್ಮೆ ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಉಳಿದದ್ದು ವ್ಯರ್ಥ. ‘ಜವಾರಿ ಕೋಳಿ ಗಟ್ಟಿ ಇರ್ತದ, ಸೂಜಿ ಯಾಕ ಬೇಕು’ ಎಂಬ ಮಾತಿಗೆ ಈ ಲೆಕ್ಕವೂ ಒಂದು ಕಾರಣವಿರಬೇಕು.

ಜವಾರಿ ಗಟ್ಟಿ ಎನ್ನುವುದು ಅರ್ಧ ನಿಜ. ಕಲಬುರಗಿಯ ಬಿಸಿಲು, ಅರೆಹೊಟ್ಟೆ ಮೇವು, ಮುಂಗುಸಿಯ ಕಾಟ ಇವನ್ನೆಲ್ಲ ಅದು ತಾಳಿಕೊಳ್ಳುತ್ತದೆ. ರಾಣಿಖೇತ್ ವೈರಸ್ಸು ಮಾತ್ರ ತಳಿ ನೋಡುವುದಿಲ್ಲ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ಈ ರೋಗಕ್ಕೆ ಕನ್ನಡದಲ್ಲಿ ಕೊಕ್ಕರೆ ರೋಗ ಎಂಬ ಹೆಸರಿದೆ. ಹಸಿರು ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ಬದುಕಿದ್ದರೆ ತಿರುಚಿದ ಕತ್ತು. ಲಸಿಕೆ ಕಾಣದ ಹಿಂಡಿಗೆ ಉಗ್ರ ವೈರಸ್ಸು ಹೊಕ್ಕರೆ ನೂರಕ್ಕೆ ತೊಂಬತ್ತು ಸಾಯಬಹುದು, ಮದ್ದಿಲ್ಲ. ಆಳಂದ, ಹುಮನಾಬಾದ್, ಶಹಾಪುರದಂಥ ಊರಿನ ಸಂತೆಗಳಿಂದ ತಂದ ಒಂದು ಹುಂಜ ಸಾಕು, ಏಕೆಂದರೆ ಬ್ಯಾನಿ ಬಿದ್ದ ಊರಿನವರು ಕೋಳಿ ಸಾಯುವ ಮುಂಚೆ ಮಾರಿ ಕೈತೊಳೆದುಕೊಳ್ಳುವುದುಂಟು. ಆದ್ದರಿಂದ ಬಯಲಲ್ಲಿ ಮೇಯುವ ಕೋಳಿಗೆ ರಾಣಿಖೇತ್ ಲಸಿಕೆ ಹಾಕಲೇಬೇಕು. ಉಳಿದ ರೋಗಗಳ ಲೆಕ್ಕ ಬೇರೆ.

ಕಾಲು ಸೋಲಿಸಿ ಮೈಯೊಳಗೆ ಗಡ್ಡೆ ಕಟ್ಟಿಸುವ ಮರೆಕ್ಸ್ ರೋಗದ ಲಸಿಕೆಯನ್ನು ಮರಿ ಒಡೆದ ದಿನವೇ ಕುತ್ತಿಗೆಯ ಚರ್ಮದಡಿ ಕೊಡಬೇಕು. ಹ್ಯಾಟೆಯ ಕಾವಿನಲ್ಲಿ ಒಡೆದ ಮರಿಗೆ ಅದು ಆಗದ ಮಾತು. ಹ್ಯಾಚರಿಯಿಂದ ಗಿರಿರಾಜ ಮರಿ ತರುವವರು ‘ಮರೆಕ್ಸ್ ಆಗಿದೆಯಾ’ ಎಂದು ಕೇಳಿಕೊಂಡರೆ ಸಾಕು. ಗುಂಬೊರೊ ಮೂರರಿಂದ ಆರು ವಾರದ ಮರಿಗಳ ರೋಗ. ರೋಗನಿರೋಧಕ ಕೋಶಗಳು ಬೆಳೆಯುವ ಬರ್ಸಾ ಎಂಬ ಅಂಗವನ್ನೇ ಅದು ಹಾಳುಮಾಡುವುದರಿಂದ ಆಮೇಲೆ ಹಾಕಿದ ರಾಣಿಖೇತ್ ಲಸಿಕೆಯೂ ಹತ್ತುವುದಿಲ್ಲ. ಐವತ್ತು ನೂರು ಮರಿ ತಂದು ಒಂದೇ ಶೆಡ್ಡಿನಲ್ಲಿ ಬಿಡುವವರು 14ನೇ ದಿನ ಅದನ್ನು ಹಾಕಿಸಲಿ, ಹತ್ತು ಮರಿಯ ಮನೆ ಬಿಡಬಹುದು. ರಕ್ತಭೇದಿಗೆ ಒಣ ನೆಲವೇ ಮುಖ್ಯ ರಕ್ಷಣೆ, ಬಂದರೆ ನೀರಿನಲ್ಲಿ ಆಂಪ್ರೋಲಿಯಂ ಎಂಬ ಮದ್ದು. ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ. ಹೋದ ವರ್ಷ ಓಣಿಯಲ್ಲಿ ಕಂಡಿದ್ದರೆ ಮಿರಗದ ಮಳೆಗೆ ಮುಂಚೆ, ಆರು ವಾರ ದಾಟಿದವಕ್ಕೆ ರೆಕ್ಕೆಯ ತೆಳು ಚರ್ಮಕ್ಕೆ ಜೋಡುಸೂಜಿಯಿಂದ ಚುಚ್ಚಿಸಬೇಕು. ಏಳರಿಂದ ಹತ್ತು ದಿನದೊಳಗೆ ಅಲ್ಲಿ ಊದಿ ಹಕ್ಕಳೆ ಕಟ್ಟಿದರೆ ಲಸಿಕೆ ಹತ್ತಿದೆ. ಏನೂ ಕಾಣದಿದ್ದರೆ ಲಸಿಕೆ ಸತ್ತಿತ್ತು, ಚುಚ್ಚಿದ್ದು ಸರಿಯಾಗಿರಲಿಲ್ಲ, ಇಲ್ಲವೇ ಕೋಳಿಗೆ ಮೊದಲೇ ಸಿಡುಬು ಬಂದು ಹೋಗಿತ್ತು.

ಸೀಸೆಯ ತೊಡಕಿಗೆ ಇರುವ ದಾರಿ ಓಣಿ ಸೇರುವುದು. ಹತ್ತು ಮನೆ ಕೂಡಿದರೆ ನೂರು ಡೋಸು ಮುಗಿದುಹೋಗುತ್ತದೆ. ಮರಿಗಳ ವಯಸ್ಸು ಒಂದೇ ಇರುವುದಿಲ್ಲ ಎಂಬ ಚಿಂತೆ ಬೇಡ: ಲಸೋಟಾ ಎಂಬ ಸೌಮ್ಯ ವೈರಸ್ ತಳಿಯಿಂದ ಮಾಡಿದ ರಾಣಿಖೇತ್ ಕಣ್ಣಹನಿಯನ್ನು ಐದು ದಿನ ದಾಟಿದ ಮರಿಯಿಂದ ಮೊಟ್ಟೆ ಇಡುವ ಹ್ಯಾಟೆಯವರೆಗೆ ಎಲ್ಲಕ್ಕೂ ಹಾಕಬಹುದು. ಶಿವರಾತ್ರಿಯ ಆಸುಪಾಸಿನಲ್ಲಿ ಒಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಇಟ್ಟುಕೊಂಡರೆ ಹೊಸ ಮರಿಗಳೂ ಸೇರಿಕೊಳ್ಳುತ್ತವೆ.

ಲಸಿಕೆಯಲ್ಲಿರುವುದು ಜೀವಂತ ವೈರಸ್ಸು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಸೀಸೆ ಮೇ ತಿಂಗಳ 42 ಡಿಗ್ರಿಯಲ್ಲಿ ಅಂಗಿಯ ಜೇಬಿನಲ್ಲಿ ಊರು ಸೇರಿದರೆ ಮರಿಯ ಕಣ್ಣಿಗೆ ಬೀಳುವುದು ಬರೀ ನೀರು. ಥರ್ಮಾಸಿನಲ್ಲಿ ಬರ್ಫ ಹಾಕಿ ತನ್ನಿ, ಮುಂಜಾನೆ ಗೂಡಿನ ಬಾಗಿಲು ತೆರೆಯುವ ಮುನ್ನ ಶುರುಮಾಡಿ. ಸೀಸೆಗೆ ಸೂಜಿ ಚುಚ್ಚಿದಾಗ ಜೊತೆಗೆ ಕೊಟ್ಟ ದ್ರಾವಣವನ್ನು ಅದು ತಾನೇ ಒಳಗೆಳೆದುಕೊಳ್ಳಬೇಕು. ಎಳೆಯದಿದ್ದರೆ ಗಾಳಿ ಹೊಕ್ಕಿದೆ, ಬಳಸಬೇಡಿ. ಡ್ರಾಪರಿನಿಂದ ಒಂದು ಮಿಲಿಲೀಟರಿಗೆ ಎಷ್ಟು ಹನಿ ಬೀಳುತ್ತದೆಂದು ಮೊದಲು ಸಾದಾ ನೀರಿನಲ್ಲಿ ಎಣಿಸಿ: 30 ಹನಿಯಾದರೆ ನೂರು ಕೋಳಿಗೆ ಸುಮಾರು 3.3 ಮಿಲಿಲೀಟರ್ ದ್ರಾವಣ, 20 ಹನಿಯಾದರೆ 5. ಈ ಎಣಿಕೆ ಬಿಟ್ಟವರಿಗೆ ಅರವತ್ತನೇ ಕೋಳಿಗೇ ಸೀಸೆ ಖಾಲಿಯಾಗುತ್ತದೆ, ಆಗ ಮತ್ತಷ್ಟು ನೀರು ಬೆರೆಸುವ ಆಸೆ ಹುಟ್ಟುತ್ತದೆ. ಒಂದು ಕಣ್ಣಿಗೆ ಒಂದು ಹನಿ, ಮರಿ ರೆಪ್ಪೆ ಬಡಿಯುವತನಕ ಕೈ ಬಿಡಬೇಡಿ. ಡ್ರಾಪರನ್ನು ಡೆಟಾಲಿನಲ್ಲಿ ತೊಳೆದರೆ ವೈರಸ್ಸು ಸಾಯುತ್ತದೆ, ಕುದಿಸಿ ಆರಿಸಿ. ನಿಮ್ಮ ಕಣ್ಣು ಉಜ್ಜಿಕೊಳ್ಳಬೇಡಿ, ಈ ವೈರಸ್ಸು ಮನುಷ್ಯರ ಕಣ್ಣನ್ನೂ ಕೆಂಪಾಗಿಸುತ್ತದೆ.

ಕಣ್ಣಿಗೇ ಏಕೆ? ಲಸಿಕೆ ಕಂಡ ತಾಯಿಯಿಂದ ರೋಗ ತಡೆಯುವ ಪ್ರತಿಕಾಯಗಳು ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿದು ಎರಡು ಮೂರು ವಾರ ರಕ್ತದಲ್ಲಿ ಇರುತ್ತವೆ. ಲಸಿಕೆಯ ವೈರಸ್ಸನ್ನೂ ಅವು ತಡೆಯುತ್ತವೆ. ಕಣ್ಣಿನ ಹಿಂದಿರುವ ಹಾರ್ಡರ್ ಗ್ರಂಥಿ ಅವುಗಳ ಕಾಟ ಕಡಿಮೆಯಿರುವ ಜಾಗದಲ್ಲೇ ರಕ್ಷಣೆ ಕಟ್ಟುತ್ತದೆ. ಆದರೂ ಮೊದಲ ವಾರದ ಹನಿಯೊಂದೇ ಸಾಲದು, 28ನೇ ದಿನದ ಸುಮಾರಿಗೆ ಮತ್ತೊಮ್ಮೆ ಬೇಕು. ಈ ಎರಡನೆಯದನ್ನು ಫಾರಂನವರು ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಬಚ್ಚಲ ನೀರು ಕುಡಿದು ಬರುವ ಜವಾರಿ ಮರಿಗಳ ಮಟ್ಟಿಗೆ ಆ ವಿಧಾನ ನಂಬುವಂಥದ್ದಲ್ಲ, ಮತ್ತೆ ಹನಿಯೇ ಲೇಸು. ಎಂಟು ವಾರ ತುಂಬಿದ ಮೇಲೆ ರಾಣಿಖೇತ್‌ನದೇ ಆರ್‌2ಬಿ ಲಸಿಕೆ, 0.5 ಮಿಲಿಲೀಟರ್, ರೆಕ್ಕೆಯ ಬಳಿ ಚರ್ಮದಡಿ. ಇದು ಲಸೋಟಾಗಿಂತ ಚುರುಕು ತಳಿ, ರಕ್ಷಣೆಯೂ ಹೆಚ್ಚು ಕಾಲ. ಎಳೆ ಮರಿಗೆ ಹಾಕಿದರೆ ಅದೇ ಕೊಲ್ಲಬಹುದು, ಮೊಟ್ಟೆ ಇಡುವ ಹ್ಯಾಟೆಗೆ ಹಾಕಿದರೆ ಮೊಟ್ಟೆ ನಿಲ್ಲಬಹುದು.

ಊರಿಗೆ ಬ್ಯಾನಿ ಬಂದ ಮೇಲೆ ಓಡಾಡಿ ಲಸಿಕೆ ಹಾಕಿಸುವುದು ತಡವೇ, ರಕ್ಷಣೆ ಬಲಿಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಆಗ ಒಂದೇ ಸೂಜಿ ಮನೆಮನೆ ತಿರುಗಿದರೆ ರೋಗವನ್ನು ನಾವೇ ಹಂಚಿದಂತೆ. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ರಾಣಿಖೇತ್ ಎಂದು ನೀವೇ ತೀರ್ಮಾನಿಸಬೇಡಿ, ಹಕ್ಕಿಜ್ವರವೂ ಹೀಗೇ ಕಾಣುತ್ತದೆ. ಸತ್ತದ್ದನ್ನು ಕೊಯ್ಯದೆ, ಹಳ್ಳಕ್ಕೆ ಎಸೆಯದೆ, ಬರಿಗೈಯಲ್ಲಿ ಮುಟ್ಟದೆ ದನದ ದವಾಖಾನೆಗೆ ಅದೇ ದಿನ ತಿಳಿಸಿ.