ಅಮೆರಿಕದ ಶಟ್‌ಡೌನ್: ಯಾವ ಸೇವೆ ನಿಲ್ಲುತ್ತದೆ, ಯಾರ ಮನೆಗೆ ತಟ್ಟುತ್ತದೆ?

ಅಮೆರಿಕದಲ್ಲಿ ಶಟ್‌ಡೌನ್ ಎಂಬ ಸುದ್ದಿ ಬಂದಾಗ ಇಡೀ ಸರ್ಕಾರವೇ ಬಾಗಿಲು ಹಾಕಿಕೊಂಡಿತೇನೋ ಅನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ. ಅಂಚೆ ಬರುತ್ತದೆ, ಹಿರಿಯರಿಗೆ ಪಿಂಚಣಿ ಬರುತ್ತದೆ, ವಿಮಾನಗಳೂ ಹಾರುತ್ತವೆ. ಅದೇ ಹೊತ್ತಿಗೆ ಮ್ಯೂಸಿಯಂಗೆ ಬೀಗ ಬಿದ್ದಿರುತ್ತದೆ, ಲಕ್ಷಾಂತರ ನೌಕರರು ಮನೆಯಲ್ಲಿ ಕೂತಿರುತ್ತಾರೆ. ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ ಎಂದು ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ ಸಾಕು: ಆ ಸೇವೆಗೆ ದುಡ್ಡು ಎಲ್ಲಿಂದ ಬರುತ್ತದೆ?

ಮೊದಲು ಕಾನೂನು

ಅಮೆರಿಕದ ಕೇಂದ್ರ ಸರ್ಕಾರಕ್ಕೆ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಖರ್ಚಿನ 12 ಮಸೂದೆಗಳನ್ನು ಪಾಸು ಮಾಡಬೇಕು. ಅಧ್ಯಕ್ಷರು ಸಹಿ ಹಾಕಬೇಕು. ಇದು ಸಮಯಕ್ಕೆ ಸರಿಯಾಗಿ ಮುಗಿಯುವುದು ಅಪರೂಪ. ಆಗ ಹಳೆಯ ಮಟ್ಟದಲ್ಲೇ ಕೆಲವು ವಾರ ಖರ್ಚು ಮಾಡಲು ತಾತ್ಕಾಲಿಕ ಮಸೂದೆ ತರುತ್ತಾರೆ. ಅದೂ ಪಾಸಾಗದಿದ್ದರೆ ಶಟ್‌ಡೌನ್.

ಇಲ್ಲಿ ಒಂದು ಅನುಮಾನ ಬರುತ್ತದೆ. ಅಧ್ಯಕ್ಷರು ಮತ್ತು ಎರಡೂ ಸದನಗಳು ಒಂದೇ ಪಕ್ಷದ ಕೈಯಲ್ಲಿದ್ದರೆ ತೊಂದರೆ ಇರಬಾರದು ಅಲ್ವಾ? ಇರುತ್ತದೆ. ಮೇಲ್ಮನೆಯಾದ ಸೆನೆಟ್‌ನ 100 ಸದಸ್ಯರಲ್ಲಿ 60 ಮಂದಿ ಒಪ್ಪಿದರೆ ಮಾತ್ರ ಇಂಥ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಬಹುದು. 2025ರಲ್ಲಿ ಎಲ್ಲವೂ ರಿಪಬ್ಲಿಕನ್ ಪಕ್ಷದ ಕೈಯಲ್ಲೇ ಇತ್ತು, ಆದರೂ ಶಟ್‌ಡೌನ್ ಆಯಿತು.

ಪರೀಕ್ಷೆಗೆ ಓದುವವರು ಮುಂದಿನ ಸಂಗತಿಗೆ ಗುರುತು ಹಾಕಿಕೊಳ್ಳಿ. ಕಾಂಗ್ರೆಸ್ ಕೊಡದ ಹಣವನ್ನು ಇಲಾಖೆಗಳು ಖರ್ಚು ಮಾಡಬಾರದು ಎನ್ನುವ ಆಂಟಿಡಿಫಿಶಿಯೆನ್ಸಿ ಆಕ್ಟ್ 19ನೇ ಶತಮಾನದ್ದು. ಆದರೂ 1980ರ ತನಕ ಅನುದಾನ ತಪ್ಪಿದಾಗ ಇಲಾಖೆಗಳು ಖರ್ಚು ಬಿಗಿಹಿಡಿದು ಕೆಲಸ ಮುಂದುವರಿಸುತ್ತಿದ್ದವು. ಕಚೇರಿ ಮುಚ್ಚುತ್ತಿರಲಿಲ್ಲ. 1980 ಮತ್ತು 1981ರಲ್ಲಿ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಅಂದರೆ ಅಟಾರ್ನಿ ಜನರಲ್, ಬೆಂಜಮಿನ್ ಸಿವಿಲೆಟ್ಟಿ ಆ ಕಾನೂನಿಗೆ ಕಟ್ಟುನಿಟ್ಟಿನ ಅರ್ಥ ಕೊಟ್ಟರು: ಹಣ ಇಲ್ಲದಿದ್ದರೆ ಕೆಲಸ ನಿಲ್ಲಬೇಕು, ಜೀವ ಮತ್ತು ಆಸ್ತಿಯ ರಕ್ಷಣೆಯ ಕೆಲಸ ಮಾತ್ರ ನಡೆಯಬಹುದು. ಇವತ್ತಿನ ಶಟ್‌ಡೌನ್ ಹುಟ್ಟಿದ್ದು ಈ ಅಭಿಪ್ರಾಯದಿಂದ. ಸಂವಿಧಾನದಲ್ಲಿ ಅದರ ಹೆಸರೇ ಇಲ್ಲ.

2025ರ ತನಕ ಆದ ಶಟ್‌ಡೌನ್‌ಗಳಲ್ಲಿ ದೊಡ್ಡವು ನಾಲ್ಕು. 1995-96ರಲ್ಲಿ ಅಧ್ಯಕ್ಷ ಕ್ಲಿಂಟನ್ ಮತ್ತು ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಜಟಾಪಟಿಯಲ್ಲಿ 21 ದಿನ. 2013ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಯ ವಿಚಾರಕ್ಕೆ 16 ದಿನ. 2018ರ ಡಿಸೆಂಬರ್ 22ರಿಂದ ಗಡಿಗೋಡೆಯ ಹಣಕ್ಕಾಗಿ 35 ದಿನ. 2025ರ ಅಕ್ಟೋಬರ್ 1ರಿಂದ ಆರೋಗ್ಯ ವಿಮೆಯ ಸಹಾಯಧನದ ಜಗಳದಲ್ಲಿ 43 ದಿನ, ಅಲ್ಲಿಯವರೆಗಿನ ಎಲ್ಲಕ್ಕಿಂತ ದೀರ್ಘ.

ದುಡ್ಡಿನ ಮೂಲ ನೋಡಿ

ಕೆಲವು ಸೇವೆಗಳಿಗೆ ಶಾಶ್ವತ ಕಾನೂನಿನಿಂದಲೇ ಹಣ ಸಿಗುತ್ತದೆ, ವರ್ಷವರ್ಷ ಒಪ್ಪಿಗೆ ಬೇಕಿಲ್ಲ. ವೃದ್ಧರ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ, ಮೆಡಿಕೇರ್ ಆರೋಗ್ಯ ವಿಮೆ ಈ ಸಾಲಿನವು. ಕಾಂಗ್ರೆಸ್ ಸದಸ್ಯರ ಸಂಬಳವೂ ನಿಲ್ಲುವುದಿಲ್ಲ. ಜಗಳ ಆಡುವವರ ಸಂಬಳ ಭದ್ರವಾಗಿದ್ದು, ಕಚೇರಿ ಗುಡಿಸುವವರ ಸಂಬಳ ಹೋಗುತ್ತದೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಇನ್ನು ಕೆಲವು ತಾವೇ ಸಂಪಾದಿಸಿ ನಡೆಯುತ್ತವೆ. ಅಂಚೆ ಇಲಾಖೆ ಸ್ಟಾಂಪು, ಪಾರ್ಸೆಲ್ ಹಣದಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್, ವೀಸಾ ಕೆಲಸ ಅರ್ಜಿದಾರರು ಕಟ್ಟುವ ಶುಲ್ಕದಲ್ಲಿ ನಡೆಯುತ್ತದೆ. ಪೊಲೀಸ್ ಠಾಣೆ, ಶಾಲೆ, ಕಸ ವಿಲೇವಾರಿ ರಾಜ್ಯ ಮತ್ತು ಊರಿನ ಆಡಳಿತದವು. ಅವಕ್ಕೂ ವಾಷಿಂಗ್ಟನ್ ಜಗಳಕ್ಕೂ ನೇರ ಸಂಬಂಧವಿಲ್ಲ.

ಉಳಿದವು ವರ್ಷದ ಅನುದಾನವನ್ನೇ ನಂಬಿದವು. ಪೆಟ್ಟು ಬೀಳುವುದು ಅವುಗಳ ಮೇಲೆ. 12 ಮಸೂದೆಗಳಲ್ಲಿ ಕೆಲವು ಮೊದಲೇ ಪಾಸಾಗಿದ್ದರೆ ಆ ಇಲಾಖೆಗಳು ಬಚಾವ್. 2018-19ರಲ್ಲಿ ಹಾಗೇ ಆಗಿತ್ತು, ಅದು ಭಾಗಶಃ ಶಟ್‌ಡೌನ್. 2025ರಲ್ಲಿ ಒಂದೂ ಪಾಸಾಗಿರಲಿಲ್ಲ.

ಸಂಬಳವಿಲ್ಲದ ದುಡಿಮೆ

ನೌಕರರು ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಕಡ್ಡಾಯ ರಜೆ. ಇನ್ನೊಂದು ಗುಂಪು ಕೆಲಸಕ್ಕೆ ಬರಲೇಬೇಕು, ಸಂಬಳ ಮಾತ್ರ ಆಮೇಲೆ. ವಿಮಾನ ಸಂಚಾರ ನಿಯಂತ್ರಕರು, ಏರ್‌ಪೋರ್ಟ್ ತಪಾಸಣೆಯವರು, ಜೈಲು ಕಾವಲುಗಾರರು, ಗಡಿ ಸಿಬ್ಬಂದಿ ಈ ಎರಡನೇ ಗುಂಪಿನವರು. 2018-19ರಲ್ಲಿ ಎರಡೂ ಸೇರಿ ಸುಮಾರು 8 ಲಕ್ಷ ಜನ.

2019ರಲ್ಲಿ ಬಂದ ಒಂದು ಕಾನೂನು ಈ ಎರಡೂ ಗುಂಪಿಗೆ ಬಾಕಿ ಸಂಬಳ ಕೊಡಲೇಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಮನೆ ಬಾಡಿಗೆ ಬಾಕಿ ಇಟ್ಟುಕೊಳ್ಳಲು ಮಾಲೀಕ ಒಪ್ಪಬೇಕಲ್ಲ? ಅಲ್ಲಿ ಸಂಬಳ ಬರುವುದು ಎರಡು ವಾರಕ್ಕೊಮ್ಮೆ. ಎರಡು ಕಂತು ತಪ್ಪಿದರೆ ಒಂದು ತಿಂಗಳ ಸಂಸಾರ ಸಾಲದ ಮೇಲೆ ನಡೆಯಬೇಕು. ಆ ಸಾಲದ ಬಡ್ಡಿಯನ್ನು ಯಾರೂ ವಾಪಸು ಕೊಡುವುದಿಲ್ಲ. ಕಂಟ್ರಾಕ್ಟ್ ಮೇಲೆ ದುಡಿಯುವ ಸ್ವಚ್ಛತಾ ಕೆಲಸದವರು, ಸೆಕ್ಯೂರಿಟಿ ಗಾರ್ಡ್‌ಗಳು, ಕ್ಯಾಂಟೀನ್‌ನವರು ಈ ಕಾನೂನಿನೊಳಗೆ ಬರುವುದೇ ಇಲ್ಲ. ಅವರಿಗೆ ಹೋದ ದಿನ ಹೋದಂತೆ.

ಕೇಂದ್ರ ಸರ್ಕಾರದ ನೌಕರರು ಮುಷ್ಕರ ಮಾಡುವಂತಿಲ್ಲ. 1981ರಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಜಾಸ್ತಿ ವಿಮಾನ ನಿಯಂತ್ರಕರನ್ನು ಆಗಿನ ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದುಹಾಕಿದ್ದರು. ಆದರೂ ಸಂಬಳವಿಲ್ಲದೆ ದಿನ ಕಳೆದಂತೆ ಗೈರುಹಾಜರಿ ಹೆಚ್ಚುತ್ತದೆ. 2019ರ ಜನವರಿ 25ರಂದು ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ಕೆಲಹೊತ್ತು ತಡೆಯಬೇಕಾಯಿತು. ಅವತ್ತೇ ಶಟ್‌ಡೌನ್ ಮುಗಿಯಿತು. 2025ರ ನವೆಂಬರ್ 7ರಿಂದ 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಹಾರಾಟವನ್ನೇ ಕಡಿಮೆ ಮಾಡಿಸಿದರು. ಐದು ದಿನದಲ್ಲಿ ಆ ಶಟ್‌ಡೌನೂ ಮುಗಿಯಿತು. ಎರಡು ಸಲವೂ ಇದೊಂದೇ ಕಾರಣ ಎನ್ನಲಾಗದು. ಆದರೆ ಉಳ್ಳವರ ಪ್ರಯಾಣಕ್ಕೆ ತೊಂದರೆಯಾದಾಗ ರಾಜಕಾರಣಿಗಳಿಗೆ ಬಿಸಿ ಬೇಗ ತಟ್ಟುತ್ತದೆ ಎಂದು ನನಗೆ ಅನ್ನಿಸುತ್ತದೆ.

ಅಡುಗೆಮನೆಗೆ ಬಂದ ಶಟ್‌ಡೌನ್

ಸ್ನ್ಯಾಪ್ ಎನ್ನುವುದು ಅಮೆರಿಕದ ಬಡವರ ಆಹಾರ ನೆರವು. ಪ್ರತಿ ತಿಂಗಳು ಒಂದು ಕಾರ್ಡಿಗೆ ಹಣ ಹಾಕುತ್ತಾರೆ, ಅದರಿಂದ ದಿನಸಿ ಕೊಳ್ಳಬಹುದು. 2025ರಲ್ಲಿ ಸುಮಾರು 4.2 ಕೋಟಿ ಜನ ಇದನ್ನು ನೆಚ್ಚಿಕೊಂಡಿದ್ದರು, ಅಂದರೆ ಎಂಟು ಜನರಲ್ಲಿ ಒಬ್ಬರು. ಮಕ್ಕಳು, ವಯಸ್ಸಾದವರು, ಅಂಗವಿಕಲರು ಇದರಲ್ಲಿ ದೊಡ್ಡ ಪಾಲು.

2019ರಲ್ಲಿ ಫೆಬ್ರುವರಿಯ ಹಣವನ್ನು ಜನವರಿಯಲ್ಲೇ ಕೊಟ್ಟು ಹೇಗೋ ದಾಟಿಸಿದ್ದರು. 2025ರ ನವೆಂಬರ್ 1ರಂದು ಹಣ ಬರಲಿಲ್ಲ. ತುರ್ತು ನಿಧಿಯಿಂದ ಕೊಡಬೇಕೇ, ಎಷ್ಟು ಕೊಡಬೇಕು ಎಂಬ ವಾದ ರೋಡ್ ಐಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್‌ನ ಕೋರ್ಟುಗಳಿಂದ ಸುಪ್ರೀಂ ಕೋರ್ಟ್ ತನಕ ಹೋಯಿತು. ಕೆಲವು ರಾಜ್ಯದವರಿಗೆ ಪೂರ್ತಿ ಹಣ ಬಂತು, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಆಹಾರ ಹಂಚುವ ದಾನ ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ಆ ಸಾಲುಗಳಲ್ಲಿ ಸಂಬಳ ಸಿಗದ ಸರ್ಕಾರಿ ನೌಕರರೂ ನಿಂತಿದ್ದರು.

ರಾಷ್ಟ್ರೀಯ ಉದ್ಯಾನಗಳದ್ದು ಬೇರೆ ಕಥೆ. 2013ರಲ್ಲಿ ಮುಚ್ಚಿದರು. ಪ್ರವಾಸಿಗರ ವ್ಯಾಪಾರ ಹೋಗುತ್ತದೆ ಎಂದು ಅರಿಜೋನಾ ತನ್ನ ಹಣ ಹಾಕಿ ಗ್ರ್ಯಾಂಡ್ ಕ್ಯಾನ್ಯನ್ ತೆರೆಸಿತು. 2018-19ರಲ್ಲಿ ಸಿಬ್ಬಂದಿ ಇಲ್ಲದೆ ತೆರೆದಿಟ್ಟರು. ಕಸ ತುಂಬಿ, ಶೌಚಾಲಯ ಗಬ್ಬೆದ್ದು, ಜೋಶುವಾ ಟ್ರೀ ಉದ್ಯಾನದಲ್ಲಿ ಮರಗಳಿಗೂ ಹಾನಿಯಾಯಿತು.

ನಮ್ಮವರಿಗೆ ತಟ್ಟುವ ಜಾಗ

ಅಲ್ಲಿ ಎಚ್‌-1ಬಿ ವೀಸಾದಲ್ಲಿರುವ ಕನ್ನಡಿಗರು ಇದನ್ನು ಗಮನವಿಟ್ಟು ಓದಿ. ಎಚ್‌-1ಬಿ ಅರ್ಜಿ ನೋಡುವ ವಲಸೆ ಇಲಾಖೆ ಬಹುತೇಕ ಶುಲ್ಕದಲ್ಲಿ ನಡೆಯುವುದರಿಂದ ಮುಚ್ಚುವುದಿಲ್ಲ. ಆದರೆ ಆ ಅರ್ಜಿಯ ಜೊತೆ ಕಾರ್ಮಿಕ ಇಲಾಖೆ ಒಪ್ಪಿದ ಎಲ್‌ಸಿಎ ಎಂಬ ಪತ್ರ ಇರಲೇಬೇಕು. ಆ ಪತ್ರ ಕೊಡುವ ಕಚೇರಿ ನಡೆಯುವುದು ವರ್ಷದ ಅನುದಾನದಲ್ಲಿ! 2025ರ ಅಕ್ಟೋಬರ್ ತಿಂಗಳು ಪೂರ್ತಿ ಅದು ಮುಚ್ಚಿತ್ತು, 31ಕ್ಕೆ ಮತ್ತೆ ತೆರೆಯಿತು. ಗ್ರೀನ್ ಕಾರ್ಡಿನ ಮೊದಲ ಹಂತವಾದ ಪರ್ಮ್ ಕೂಡ ಅಲ್ಲೇ ಸಿಕ್ಕಿಕೊಂಡಿತು. 2019ರಲ್ಲಿ ಈ ಕಷ್ಟ ಇರಲಿಲ್ಲ, ಏಕೆಂದರೆ ಕಾರ್ಮಿಕ ಇಲಾಖೆಯ ಮಸೂದೆ ಆಗಲೇ ಪಾಸಾಗಿತ್ತು.

ಕೆಲಸ ಕಳೆದುಕೊಂಡ ಎಚ್‌-1ಬಿ ನೌಕರರಿಗೆ ಹೊಸ ಕಂಪನಿ ಹುಡುಕಲು ಹೆಚ್ಚೆಂದರೆ 60 ದಿನದ ಅವಕಾಶ. ಅದರಲ್ಲಿ ಒಂದು ತಿಂಗಳು ಎಲ್‌ಸಿಎ ಸಿಗದಿದ್ದರೆ, ಕೈಯಲ್ಲಿ ಹೊಸ ಕೆಲಸ ಇದ್ದರೂ ಅರ್ಜಿ ಹಾಕುವಂತಿಲ್ಲ. ಶಟ್‌ಡೌನ್‌ನಿಂದ ತಡವಾದ ಅರ್ಜಿಗಳಿಗೆ ವಿನಾಯಿತಿ ಪರಿಗಣಿಸುವುದಾಗಿ ವಲಸೆ ಇಲಾಖೆ ಹೇಳಿತ್ತು. ಪರಿಗಣಿಸುವುದು ಬೇರೆ, ಖಾತ್ರಿ ಬೇರೆ. ಹಾಗಾಗಿ ಸೆಪ್ಟೆಂಬರ್ ಮುಗಿಯುವ ಮುಂಚೆಯೇ ಎಲ್‌ಸಿಎ ಪಡೆದಿಟ್ಟುಕೊಳ್ಳುವುದು ಜಾಣತನ.

ಭಾರತದಲ್ಲಿ ಏಕೆ ಆಗುವುದಿಲ್ಲ?

ಉತ್ತರ ಎರಡು ಕಡೆ ಇದೆ. ಬಜೆಟ್ ತಡವಾದರೆ ಸಂವಿಧಾನದ 116ನೇ ವಿಧಿಯಡಿ ಲೇಖಾನುದಾನ, ಅಂದರೆ ಬಜೆಟ್ ಪಾಸಾಗುವ ತನಕದ ಖರ್ಚಿಗೆ ಮುಂಗಡ ಒಪ್ಪಿಗೆ, ಪಡೆಯಬಹುದು. ಚುನಾವಣೆಯ ವರ್ಷಗಳಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಎರಡನೆಯದು, ನಮ್ಮಲ್ಲಿ ಸರ್ಕಾರ ನಿಂತಿರುವುದೇ ಲೋಕಸಭೆಯ ಬಹುಮತದ ಮೇಲೆ. ಖರ್ಚಿಗೆ ಒಪ್ಪಿಗೆ ಸಿಗದಿದ್ದರೆ ಆ ಸರ್ಕಾರವೇ ರಾಜೀನಾಮೆ ಕೊಡಬೇಕಾಗುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಅವಧಿಯೂ ಕಾಂಗ್ರೆಸ್ ಅವಧಿಯೂ ನಿಗದಿ, ಯಾರೂ ಮನೆಗೆ ಹೋಗಬೇಕಿಲ್ಲ. ಹಾಗಾಗಿ ಹಟ ಹಿಡಿದು ಕೂರಬಹುದು.

1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಾಗ ಆ ವರ್ಷದ ಬಜೆಟ್ ಇನ್ನೂ ಪಾಸಾಗಿರಲಿಲ್ಲ. ಲೋಕಸಭೆ ವಿಸರ್ಜನೆಯಾಗುವ ಮುಂಚೆ ಸರ್ಕಾರ ಬೀಳಿಸಿದವರೂ ಬಿದ್ದವರೂ ಸೇರಿ ಅದನ್ನು ಚರ್ಚೆಯಿಲ್ಲದೆ ಪಾಸು ಮಾಡಿದರು.